ಅಂಗೈ ತೂಕ

ಕೈ ಸುಳ್ಳು ಹೇಳುತ್ತದೆಯೇ? ಹತ್ತು ವರ್ಷದಲ್ಲಿ ಒಂದು ದಿನವೂ ಹೇಳದ್ದು ಇವತ್ತು, ಅದೂ ಇಂಥ ದಿನ, ಹೇಳುತ್ತದೆಯೇ? ಅಥವಾ ಕೈ ಹೇಳಿದ್ದೇ ನಿಜವಾಗಿದ್ದು, ಕಂಪ್ಯೂಟರೇ ಹಟ ಹಿಡಿದಿದೆಯೇ? ಊಟದ ಮೇಜಿನ ಮುಂದೆ ನಿಂತು ತಕ್ಕಡಿ, ಪರದೆಗೆ ಚಿತ್ರ ಮೂಡಿಸಲೆಂದು ಹೊಸದಾಗಿ ತರಿಸಿದ್ದ ಗ್ರಾಫಿಕ್ಸ್ ಕಾರ್ಡನ್ನು ಡಬ್ಬಿ ಸಮೇತ ನಾಲ್ಕನೇ ಸಲ ಅಂಗೈ ಮೇಲಿಟ್ಟುಕೊಂಡ. ಒಂದು ಕಿಲೋ ನೂರ ಅರವತ್ತು ಗ್ರಾಂ. ಒಂದು ಗ್ರಾಂ ಆಚೆಗಿಲ್ಲ, ಈಚೆಗಿಲ್ಲ. ಆದರೂ ಮಗಳ ಕಂಪ್ಯೂಟರಿನ ಪರದೆ ಬೆಳಿಗ್ಗೆಯಿಂದ ಮುನಿಸಿಕೊಂಡ ಅತ್ತಿಗೆಯ ಹಾಗೆ ಬೆಳಕಿಲ್ಲದೆ ಕೂತಿತ್ತು.

ತಕ್ಕಡಿ ಎಂಬುದು ಅವನಿಗೆ ಕೆಲಸದಲ್ಲಿ ಬಂದ ಹೆಸರು. ಆನ್‌ಲೈನ್ ಅಂಗಡಿಯೊಂದರ ಗೋದಾಮಿನಲ್ಲಿ, ಗಿರಾಕಿಗಳು ಬೇಡವೆಂದು ವಾಪಸು ಕಳಿಸಿದ ಸಾಮಾನು ಬಂದು ಬೀಳುವ ಹಾಲಿನಲ್ಲಿ ಅವನಿಗೆ ಕೆಲಸ. ಅಲ್ಲಿಯ ನಿಯಮ ಸರಳ. ಡಬ್ಬಿಯ ಸೀಲು ಒಡೆದಿರಬಾರದು, ತೂಕ ಸರಿಯಿರಬೇಕು. ಇವೆರಡೂ ಇದ್ದರೆ ಅದು ಮತ್ತೆ ಹೊಸ ಸಾಮಾನಾಗಿ ಮಾರಾಟದ ಕಪಾಟಿಗೆ ಹೋಗುತ್ತದೆ. ಮಿಕ್ಕವರು ತೂಕದ ಯಂತ್ರದ ಮುಂದೆ ಸಾಲು ನಿಂತರೆ ಇವನು ಡಬ್ಬಿಯನ್ನು ಅಂಗೈ ಮೇಲಿಟ್ಟು, ಕಣ್ಣು ಮುಚ್ಚಿ, ತೂಕ ಹೇಳಿಬಿಡುತ್ತಿದ್ದ. ಮೊದಮೊದಲು ನಕ್ಕವರು ಯಂತ್ರದಲ್ಲಿಟ್ಟು ನೋಡಿ ಬಾಯಿ ಮುಚ್ಚಿದರು. ಪಾಸಾದ ಡಬ್ಬಿಯ ಮುಚ್ಚಳದ ಅಂಚಿಗೆ ಪರೀಕ್ಷಿಸಿದವರ ನಂಬರಿನ ಮುದ್ರೆ ಬೀಳುತ್ತಿತ್ತು. ಅದೂ ಬರಿಗಣ್ಣಿಗೆ ಕಾಣದ ಶಾಯಿಯಲ್ಲಿ. ವಾಪಸು ಬಂದ ಮಾಲೆಂದು ಗಿರಾಕಿಗೆ ಗೊತ್ತಾಗಬಾರದಲ್ಲ. ನೀಲಿ ದೀಪ ಹಿಡಿದರೆ ಮಾತ್ರ ನಂಬರು ಹೊಳೆಯುತ್ತಿತ್ತು. ಯಾವ ಡಬ್ಬಿ ಯಾರ ಕೈ ದಾಟಿತು ಎನ್ನುವುದಕ್ಕೆ ಆ ಮುದ್ರೆಯೊಂದೇ ಸಾಕ್ಷಿ. ತಕ್ಕಡಿಯ ನಂಬರು ಹದಿನೇಳು.

ಅವತ್ತು ಸಂಜೆ ನಾಲ್ಕಕ್ಕೆ ಅವನಿಗೆ ಸನ್ಮಾನ. ಹತ್ತು ವರ್ಷ ಒಂದೇ ಒಂದು ದೂರಿಲ್ಲದ ಕೈ ಎಂದು ಫಲಕದ ಮೇಲೆ ಬರೆಸಿದ್ದಾರಂತೆ. ಇಸ್ತ್ರಿಯಾದ ಅಂಗಿ ಬೆಳಿಗ್ಗೆಯಿಂದಲೇ ಕುರ್ಚಿಯ ಬೆನ್ನಿಗೆ ಸಿದ್ಧವಾಗಿ ಕೂತಿತ್ತು.

“ರೀ, ನಿನ್ನೆ ಡಬ್ಬಿ ಬಂದಾಗ ಬಾಗಿಲಲ್ಲೇ ನಿಂತು, ಇಡೀ ಕಟ್ಟಡಕ್ಕೆ ಕೇಳೋ ಹಾಗೆ ‘ಅಪ್ಪಟ ಮಾಲು’ ಅಂದ್ರಲ್ಲ,” ಎಂದಳು ಹೆಂಡತಿ. “ಬೀದಿ ಕೊನೇ ಅಂಗಡೀಲಿ ತಗೊಳ್ಳೋಣ ಅಂತ ನಾನು ಬಡ್ಕೊಂಡೆ.”

“ನಮ್ಮ ಗೋದಾಮಿಂದ ಬಂದಿದ್ದು ಕಣೇ. ಅಲ್ಲಿಂದ ಕೆಟ್ಟದ್ದು ಬರೋ ಮಾತೇ ಇಲ್ಲ.”

“ಬಂದಿದೆಯಲ್ಲ.”

“ಕಂಪ್ಯೂಟರ್ ಹಳೇದು. ಒಳ್ಳೇ ಸಾಮಾನು ಕಂಡು ಅದಕ್ಕೆ ಗಾಬರಿ ಆಗಿದೆ.”

“ಅಪ್ಪ, ಕಂಪ್ಯೂಟರಿಗೆ ಗಾಬರಿ ಆಗಲ್ಲ,” ಎಂದಳು ಮಗಳು, ತಲೆ ಎತ್ತದೆ.

ಆ ಕಟ್ಟಡದಲ್ಲಿ ಗೋಡೆಗಳಿಗೆ ಕಿವಿಯಷ್ಟೇ ಅಲ್ಲ, ಕಾಲೂ ಇದ್ದವು. ಐದು ನಿಮಿಷದೊಳಗೆ ಮೇಲಿನ ಮನೆಯಿಂದ ಹೆಂಡತಿಯ ಅಣ್ಣ ಇಳಿದು ಬಂದ. ಗಡಿಯಾರ ರಿಪೇರಿ ಅವನ ಕಸುಬು. ಸಣ್ಣ ಸ್ಕ್ರೂಡ್ರೈವರು ಜೇಬಿನಲ್ಲಿಲ್ಲದೆ ಊಟಕ್ಕೂ ಕೂರುವವನಲ್ಲ. ಹಿಂದೆಯೇ ಎದುರು ಮನೆಯ ನಿವೃತ್ತ ಮೇಷ್ಟ್ರು, ಕೈಯಲ್ಲಿ ಕೆಂಪು ಪೆನ್ನು ಹಿಡಿದೇ ಬಂದರು.

“ಬಿಚ್ಚಿ ನೋಡೋಣ ಭಾವ,” ಎಂದ ಗಡಿಯಾರದವನು.

“ಬಿಚ್ಚೋದು ಏನಿದೆ? ತೂಕ ಸರಿಯಾಗಿದೆ.”

“ತೂಕ ನನಗೂ ಇದೆ ಭಾವ. ಹಾಗಂತ ನನ್ನನ್ನ ಕಂಪ್ಯೂಟರೊಳಗೆ ಹಾಕೋಕಾಗುತ್ತಾ?”

ಅಷ್ಟರಲ್ಲಿ ಆರು ಸ್ಕ್ರೂ ಮೇಜಿನ ಮೇಲಿದ್ದವು. ಮೇಲ್ಕವಚ ಅಸಲಿ. ಫ್ಯಾನುಗಳೂ ಅಸಲಿ. ಅವುಗಳ ಕೆಳಗೆ ಯಾವ ಕಾಲದ್ದೋ ಅಂಗೈಯಗಲದ ಗುಜರಿ ಬೋರ್ಡು. ಅದರ ಸುತ್ತ ಮೆತ್ತಿದ್ದ ಅಂಟನ್ನು ಗಡಿಯಾರದವನು ಕೆರೆದಂತೆಲ್ಲ ಒಂದೊಂದೇ ಕಬ್ಬಿಣದ ನಟ್ಟು ಉದುರಿ ಮೇಜಿನ ತುಂಬ ಉರುಳಿತು. ಕೊನೆಗೆ ಒಂದು ತುಕ್ಕು ಹಿಡಿದ ಬಾಗಿಲಿನ ಕೀಲು ಹೊರಬಂತು.

“ಒಳ್ಳೇದಾಯ್ತು,” ಎಂದ ಗಡಿಯಾರದವನು. “ಬಚ್ಚಲ ಬಾಗಿಲು ಕಿರ್ ಅಂತಿತ್ತಲ್ಲ, ಅದಕ್ಕೆ ಹಾಕ್ಸೋಣ.”

ಮಗಳು ಎಲ್ಲರಿಗೂ ಬಿಡಿಸಿ ಹೇಳಿದಳು. “ಯಾರೋ ಅಸಲಿ ಕಾರ್ಡು ತರಿಸಿಕೊಂಡು, ಒಳಗಿಂದು ತಾವು ಇಟ್ಕೊಂಡು, ಇದನ್ನ ತುಂಬಿ, ಸೀಲು ಹಾಕಿ ವಾಪಸ್ ಕಳಿಸಿದ್ದಾರೆ ಅಪ್ಪ. ನಿಮ್ಮವರು ತೂಕ ನೋಡಿ, ಸರಿಯಿದೆ ಅಂತ ನಮಗೆ ಮಾರಿದ್ದಾರೆ.”

ತಕ್ಕಡಿ ಒಂದು ನಟ್ಟನ್ನು ಎತ್ತಿ ಅಂಗೈ ಮೇಲಿಟ್ಟು ನೋಡಿದ. ಆಮೇಲೆ ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

“ಯಂತ್ರ ನಂಬಿದವರ ಕೆಲಸ ಇದು. ಯಂತ್ರಕ್ಕೆ ನಟ್ಟೂ ಒಂದೇ, ಕಾರ್ಡೂ ಒಂದೇ. ಇದು ನನ್ನ ಕೈಗೆ ಬಂದಿದ್ರೆ ಅಲ್ಲೇ ಹಿಡೀತಿದ್ದೆ.”

“ನಿನ್ನೆ ಬಂದಿತ್ತಲ್ರೀ.”

“ನಿನ್ನೆ ನಾನು ಗಿರಾಕಿ. ಡ್ಯೂಟಿ ಮೇಲಿರಲಿಲ್ಲ.”

ಈ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ ಒಳಗಿದ್ದ ಅನುಮಾನ ಬಾಲ ಮುದುರಿಕೊಂಡು ಮೂಲೆಗೆ ಹೋಯಿತು. ಇದನ್ನು ಪಾಸು ಮಾಡಿದವನನ್ನು ಇವತ್ತೇ, ಸನ್ಮಾನಕ್ಕೆ ಮುಂಚೆ, ಎಲ್ಲರೆದುರು ಹಿಡಿದು ನಿಲ್ಲಿಸುತ್ತೇನೆ ಎಂದು ಸಾರಿದ. ಮೇಷ್ಟ್ರು ಆಗಲೇ ಮಗಳ ನೋಟ್‌ಬುಕ್ಕಿನಿಂದ ಹಾಳೆ ಕಿತ್ತಿದ್ದರು.

“ದೂರು ಅಂದ್ರೆ ಬರವಣಿಗೇಲಿ ಇರಬೇಕು. ನಾನೇ ಬರೀತೀನಿ. ‘ಈ ಬೇಜವಾಬ್ದಾರಿ ಪರೀಕ್ಷಕನು...’”

“ಬೇಜವಾಬ್ದಾರಿ ಸಾಲದು ಮೇಷ್ಟ್ರೇ,” ಎಂದ ತಕ್ಕಡಿ. “ಕಣ್ಣಿದ್ದೂ ಕುರುಡ ಅಂತ ಸೇರಿಸಿ.”

“ಸೇರಿಸಿದೆ. ‘ತಿನ್ನುವ ಅನ್ನಕ್ಕೆ ದ್ರೋಹ ಬಗೆದ’ ಹಾಕಲಾ?”

“ಹಾಕಿ. ಕೊನೇಲಿ, ಇಂಥವನನ್ನ ಕೆಲಸದಲ್ಲಿ ಇಟ್ಕೊಂಡಿರೋದೇ ನಾಚಿಕೆಗೇಡು ಅಂತ ಬರೀರಿ.”

ಮೇಷ್ಟ್ರು ಬರೆದು ಮುಗಿಸಿ, ಅಲ್ಲಲ್ಲಿ ತಮ್ಮದೇ ಕಾಗುಣಿತ ತಿದ್ದಿ, ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು. ತಕ್ಕಡಿ ಕೆಳಗೆ ದೊಡ್ಡದಾಗಿ ಸಹಿ ಮಾಡಿದ.

ಸಾಕ್ಷಿಯಾಗಿ ಗಡಿಯಾರದವನೂ ಹೊರಟ. ಡಬ್ಬಿ ತಕ್ಕಡಿಯ ತೊಡೆಯ ಮೇಲೆ, ನಟ್ಟುಗಳು ಗಡಿಯಾರದವನ ಕರವಸ್ತ್ರದಲ್ಲಿ. ಬಸ್ಸು ಕುಲುಕಿದಾಗಲೆಲ್ಲ ಅವನ ಜೇಬು ಗಲಗಲ ಎನ್ನುತ್ತಿತ್ತು. ಗೋದಾಮಿನ ಗೇಟಿನಲ್ಲಿ ಲೋಹ ಪತ್ತೆ ಮಾಡುವ ಯಂತ್ರ ಅವನನ್ನು ಕಂಡು ಊರಿಗೇ ಬೆಂಕಿ ಬಿದ್ದಂತೆ ಅರಚಿತು.

ಕಾವಲುಗಾರ ಕರವಸ್ತ್ರ ಬಿಚ್ಚಿ ನೋಡಿದ. “ಇಲ್ಲಿಂದ ಕದ್ದು ಹೊರಗೆ ಒಯ್ಯೋರನ್ನ ನೋಡಿದೀನಿ. ಮನೆಯಿಂದ ನಟ್ಟು ತಂದು ಒಳಗೆ ಹಾಕೋರನ್ನ ಇವತ್ತೇ ನೋಡ್ತಿರೋದು.”

“ಇದು ನಿಮ್ಮದೇ ಮಾಲಪ್ಪ,” ಎಂದ ಗಡಿಯಾರದವನು. “ನಮ್ಮ ಭಾವ ವಾಪಸ್ ಕೊಡೋಕೆ ಬಂದಿದಾರೆ. ಬಹಳ ಪ್ರಾಮಾಣಿಕರು.”

ಹಾಲಿನಲ್ಲಿ ನಲವತ್ತು ಜನ ಸೇರಿದ್ದರು. ವ್ಯವಸ್ಥಾಪಕಿ ಫಲಕ ಹಿಡಿದು ನಿಂತಿದ್ದರು. ತಕ್ಕಡಿ ಅದನ್ನು ಕೈಸನ್ನೆಯಿಂದ ತಡೆದ.

“ಮೇಡಂ, ಸನ್ಮಾನ ಆಮೇಲೆ. ಮೊದಲು ನ್ಯಾಯ.”

ಅವನು ದೂರನ್ನು ಓದಿದ. ಬೇಜವಾಬ್ದಾರಿ ಬಂದಾಗ ಗುಸುಗುಸು ಎದ್ದಿತು; ಅನ್ನಕ್ಕೆ ದ್ರೋಹ ಬಂದಾಗ ನಿಂತಿತು. ಅಷ್ಟು ಜನ ಅವನ ಮಾತನ್ನು ಅಷ್ಟು ಮೌನವಾಗಿ ಕೇಳಿದ್ದು ಅದೇ ಮೊದಲು. ಆ ಮೌನ ಅವನಿಗೆ ಚಪ್ಪಾಳೆಗಿಂತ ರುಚಿಸಿತು. ಸಾಲಿನಲ್ಲಿದ್ದ ಪರೀಕ್ಷಕರೆಲ್ಲ ತಮ್ಮ ತಮ್ಮ ಕೈ ಹಿಂದೆ ಕಟ್ಟಿಕೊಂಡರು.

“ಭೇಷ್,” ಎಂದರು ವ್ಯವಸ್ಥಾಪಕಿ. “ಯಾರು ಅಂತ ಈಗಲೇ ನೋಡಿಬಿಡೋಣ. ದೀಪ ನೀವೇ ಹಿಡೀರಿ. ಆ ಹಕ್ಕು ನಿಮ್ಮದು.”

ಹಾಲಿನ ದೀಪಗಳು ಆರಿದವು. ತಕ್ಕಡಿ ಡಬ್ಬಿಯನ್ನು ಎದೆಗೆ ಹತ್ತಿರ ತಂದು, ಮುಚ್ಚಳದ ಮೇಲೆ ಬಾಗಿ, ನೀಲಿ ದೀಪ ಹೊತ್ತಿಸಿದ. ಅಂಚಿನಲ್ಲಿ ಒಂದರ ಅಂಕಿ ಹೊಳೆಯಿತು. ಅದರ ಪಕ್ಕದಲ್ಲಿ ಏಳು ಹೊಳೆಯಿತು. ಏಳರ ಬಾಲ ಎಂದಿನಂತೆ ಸ್ವಲ್ಪ ಓರೆ. ಮುದ್ರೆ ಒತ್ತುವಾಗ ಕೈ ಎಡಕ್ಕೆ ವಾಲಿಸುವುದು ಅವನೊಬ್ಬನ ಅಭ್ಯಾಸ.

“ಯಾರದು?” ಎಂದರು ವ್ಯವಸ್ಥಾಪಕಿ ಕತ್ತಲೆಯಿಂದ.

ಅವನು ಡಬ್ಬಿಯನ್ನು ಇನ್ನಷ್ಟು ಎದೆಗೊತ್ತಿಕೊಂಡ. ಬೆವರಿದ ಹೆಬ್ಬೆರಳು ಆ ಅಂಚಿನ ಮೇಲೆ ಇತ್ತು. ಅದು ತಾನಾಗಿ ಸರಿಯಿತೋ, ಅವನೇ ಸರಿಸಿದನೋ; ಒಂದು ಮೊದಲು ಅಳಿಸಿಹೋಯಿತು, ಏಳು ಆಮೇಲೆ. ದೀಪಗಳು ಹೊತ್ತಿಕೊಂಡಾಗ ಅವನು ಹಾಗೇ ನಿಂತಿದ್ದ.

ವ್ಯವಸ್ಥಾಪಕಿ ಅವನ ಮುಖವನ್ನೇ ನೋಡಿದರು. ಅವರ ದನಿ ಮೆತ್ತಗಾಯಿತು. “ಗೊತ್ತಾಯ್ತು ಬಿಡಿ. ಹೆಸರು ಹೇಳಿದ್ರೆ ಅವನ ಕೆಲಸ ಹೋಗುತ್ತೆ ಅಂತ ತಾನೆ? ತನಗೆ ಮೋಸ ಆದ್ರೂ ಜೊತೆಗಾರನನ್ನ ಬಿಟ್ಟುಕೊಡದ ದೊಡ್ಡತನ ನೋಡ್ರಪ್ಪ ಇದು.”

ಚಪ್ಪಾಳೆ ಬಿತ್ತು. ಪರೀಕ್ಷಕರು ಎಲ್ಲರಿಗಿಂತ ಜೋರಾಗಿ ತಟ್ಟಿದರು; ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಗಡಿಯಾರದವನು ಪಕ್ಕದವರಿಗೆಲ್ಲ, “ನನ್ನ ತಂಗೀನ ಕೊಟ್ಟಿರೋದು ಇವರಿಗೇ,” ಎಂದು ಹೇಳುತ್ತಿದ್ದ. ಫಲಕ ತಕ್ಕಡಿಯ ಕೈಗೆ ಬಂತು.

“ಇನ್ನೊಂದಿದೆ,” ಎಂದರು, ಅಷ್ಟರಲ್ಲಿ ಮಾರಾಟದ ಕಪಾಟಿಗೆ ಹೋಗಿ ಬಂದ ವ್ಯವಸ್ಥಾಪಕಿ. “ಆ ನಟ್ಟಿನ ಡಬ್ಬಿ ಬದಲಿಗೆ ಬೇರೆ ಕಾರ್ಡು. ಕಪಾಟಿನಲ್ಲಿ ಮೂರು ಇದ್ವು. ಯಾವುದೋ ಕೊಟ್ಟು ಮತ್ತೆ ನಿಮಗೆ ಮೋಸ ಆಗಬಾರದಲ್ಲ. ನಾನೇ ಇನ್ನೊಂದು ದೀಪ ಹಿಡಿದು, ಹುಡುಕಿ, ಹದಿನೇಳನೇ ನಂಬರಿಂದನ್ನೇ ತಂದಿದೀನಿ. ನಿಮ್ಮ ಕೈ ದಾಟಿ ಬಂದಿದ್ದು.”

ತಕ್ಕಡಿ ಡಬ್ಬಿಯನ್ನು ಅಂಗೈ ಮೇಲೆ ತೆಗೆದುಕೊಂಡ. ನಲವತ್ತು ಜನ ಉಸಿರು ಹಿಡಿದು ಕಾದರು. ಅವನು ಕಣ್ಣು ಮುಚ್ಚಿದ.

“ಒಂದು ಕಿಲೋ ನೂರ ಅರವತ್ತು,” ಎಂದ.

ಮತ್ತೆ ಚಪ್ಪಾಳೆ.

ಬಸ್ಸಿನಲ್ಲಿ ಫಲಕ ಗಡಿಯಾರದವನ ತೊಡೆಯ ಮೇಲಿತ್ತು, ಎಲ್ಲರಿಗೂ ಓದಲು ಬರುವಂತೆ ಹೊರಮುಖವಾಗಿ. ಡಬ್ಬಿ ತಕ್ಕಡಿಯ ತೊಡೆಯ ಮೇಲೆ. ತಿರುವಿನಲ್ಲಿ ಬಸ್ಸು ಎತ್ತಿಹಾಕಿದಾಗ ಎಲ್ಲೋ ಟಣ್ ಎಂದಿತು.

“ನಟ್ಟು ಅಲ್ಲೇ ಕೊಟ್ಟು ಬಂದೆನಲ್ಲ,” ಎಂದ ಗಡಿಯಾರದವನು ಜೇಬು ಮುಟ್ಟಿ ನೋಡಿಕೊಂಡು. “ಫಲಕದ ಕಾಲು ಸಡಿಲ ಇರಬೇಕು ಭಾವ. ಮನೇಗೆ ಹೋಗಿ ಬಿಗಿ ಮಾಡ್ತೀನಿ.”

ಕಟ್ಟಡದ ಬಾಗಿಲಲ್ಲಿ ಹೆಂಡತಿ, ಮಗಳು, ಮೇಷ್ಟ್ರು ಕಾಯುತ್ತಿದ್ದರು. ಗಡಿಯಾರದವನು ಮೆಟ್ಟಿಲು ಹತ್ತುವ ಮುಂಚೆಯೇ ಎಲ್ಲವನ್ನೂ ಹೇಳಿ, ಜೊತೆಗೆ ಎರಡು ಪಾಲು ಸೇರಿಸಿದ. ಮೇಷ್ಟ್ರು ಒಂಬತ್ತನ್ನು ಹತ್ತಕ್ಕೆ ಏರಿಸಿದರು. ಹೆಂಡತಿ ಫಲಕವನ್ನು ಸೆರಗಿನಿಂದ ಒರೆಸಿ, ಅಷ್ಟು ವರ್ಷಗಳಲ್ಲಿ ನೋಡದ ಹಾಗೆ ಗಂಡನನ್ನು ನೋಡಿದಳು.

“ಹೇಳಬಾರದಾಗಿತ್ತಾ ರೀ ಅವನ ಹೆಸರು? ನನಗಾದ್ರೂ ಹೇಳಿ.”

“ಪಾಪ, ಹೋಗ್ಲಿ ಬಿಡು,” ಎಂದ ತಕ್ಕಡಿ. “ಮನೆ ಮಠ ಇರೋನು.”

ಮಗಳು ಹೊಸ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಗಡಿಯಾರದವನು ಜೇಬಿನಿಂದ ಸ್ಕ್ರೂಡ್ರೈವರು ತೆಗೆದ.

ನೀಲಿ ದೀಪದಲ್ಲಿ ಕಂಡ ನಂಬರು ಯಾವುದೆಂದು ತಕ್ಕಡಿ ಯಾರಿಗೂ, ಎಂದಿಗೂ ಹೇಳಲಿಲ್ಲ.