ಪರಕೈ ತಾಗದ ನಿಬ್ಬು

ನಮ್ಮ ಸೋದರಮಾವ ಮಹಾ ದಾನಿ. ಕೇಳಿದವರಿಗೆ ಮೈಮೇಲಿನ ಅಂಗಿಯನ್ನೇ ಬಿಚ್ಚಿ ಕೊಡುವಂಥವನು. ಜೇಬಿನಲ್ಲಿದ್ದ ಪೆನ್ನನ್ನು ಮೊದಲು ತೆಗೆದಿಟ್ಟುಕೊಂಡು, ಅಷ್ಟೇ!

ಅದೇನು ಸಾಮಾನ್ಯ ಪೆನ್ನೇ? ಫಾರಿನ್ನಿನದು! ಕಪ್ಪು ಮೈ, ಬಂಗಾರದ ಕ್ಲಿಪ್ಪು, ಬಂಗಾರದ ನಿಬ್ಬು. ಮಾವನೋ, ದಾವಣಗೆರೆ ಮಂಡಿಪೇಟೆಯ ಹತ್ತಿ ಅಂಗಡಿಯೊಂದರಲ್ಲಿ ಗುಮಾಸ್ತ. ಹತ್ತಿ ಕೊಳ್ಳಲು ಬೊಂಬಾಯಿಯಿಂದ ಬಂದಿದ್ದ ಸೇಠೊಬ್ಬನ ಜೇಬಿನಲ್ಲಿ ಅಂಥದ್ದನ್ನು ಕಂಡ ದಿನದಿಂದ ಅವನಿಗೆ ಊಟ ಸೇರಲಿಲ್ಲ. ಕೊನೆಗೆ ತನ್ನ ಸೈಕಲ್ಲು ಮಾರಿ ಒಂದನ್ನು ತರಿಸಿಕೊಂಡ. "ಇನ್ನ ದಿನಾ ನಡಕೊಂಡ್ ಹೋಗ್ಬೇಕಲ್ರಿ" ಎಂದು ಅತ್ತೆ ಮರುಗಿದರೆ, "ಏ ಹುಚ್ಚಿ, ಸೈಕಲ್ ಮ್ಯಾಲೆ ಬುರ್ರಂತ ಹೋದ್ರೆ ಪೆನ್ನು ಯಾರಿಗ್ ಕಾಣ್ತೈತೆ?" ಎಂದ.

ಓದಲೆಂದು ನಾನಾಗ ಅವರ ಮನೆಯಲ್ಲೇ ಇದ್ದೆ. ಭಾನುವಾರ ಹಂಡೆಯ ನೀರು ಕಾದ ಕೂಡಲೇ ಮೊದಲ ಸ್ನಾನ ಪೆನ್ನಿಗೆ. ಬಿಚ್ಚಿ, ತೊಳೆದು, ಹಳೆಯ ಮಲ್ಲಿನ ಪಂಚೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸುವ ವೈಭವ ಮುಗಿಯುವ ಹೊತ್ತಿಗೆ ನಮ್ಮ ಪಾಲಿನ ನೀರು ತಣ್ಣಗಾಗಿರುತ್ತಿತ್ತು. "ದೀಪಾವಳಿಗೆ ಬಂದ ಅಳಿಯಗೂ ಇಷ್ಟು ಉಪಚಾರ ಇರಲ್ಲ ಬಿಡ್ರಿ" ಎಂದು ಅತ್ತೆ ಒಲೆಯ ಮುಂದಿನಿಂದಲೇ ಕುಟುಕುತ್ತಿದ್ದಳು.

ಮಾವನದೊಂದು ಸಿದ್ಧಾಂತವಿತ್ತು. ಬಂಗಾರದ ನಿಬ್ಬು ಬರೆಯುವವನ ಕೈಗೆ ತಕ್ಕಂತೆ ಸವೆದು, ಆ ಕೈಗೇ ಒಗ್ಗಿಕೊಳ್ಳುತ್ತದಂತೆ. ಒಮ್ಮೆ ಪರಕೈ ತಾಗಿತೋ, ಕೆಟ್ಟಿತು! ಹಾಗಾಗಿ ಯಾರು ಪೆನ್ನು ಕೇಳಿದರೂ ಅವನ ಉತ್ತರ ಒಂದೇ: "ಏನ್ ಬರೀಬೇಕು ಹೇಳ್ರಿ, ನಾನೇ ಬರಿತೀನಿ."

ಅಂಚೆ ಕಚೇರಿಯಲ್ಲಿ ಒಮ್ಮೆ ಕುಕ್ಕುವಾಡದ ರೈತನೊಬ್ಬ ಪಾರ್ಸೆಲ್ ಬಿಡಿಸಿಕೊಳ್ಳಲು ಬಂದು ಮಾವನ ಮುಂದೆ ಕೈ ಚಾಚಿದ. ಉತ್ತರ ಸಿದ್ಧವಾಗಿಯೇ ಇತ್ತು.

"ಬರಿಯೋದಲ್ರಿ, ಸಹಿ ಹಾಕ್ಬೇಕು."

ಮಾವ ಅರೆಕ್ಷಣ ಯೋಚಿಸಿದ. "ಹೆಬ್ಬೆಟ್ಟು ಒತ್ತಿಬಿಡಪ್ಪ. ಬೇಕಾದ್ರೆ ಇಂಕು ನಾನ್ ಕೊಡ್ತೀನಿ."

"ನಾಕ್ನೇ ಕ್ಲಾಸ್ ಪಾಸಾಗೀನ್ರಿ ನಾನು!"

"ಇರ್ಲಿ ಬಿಡು, ನಾನ್ ಯಾರಿಗೂ ಹೇಳಲ್ಲ."

ಇನ್ನು ಅತ್ತೆಯ ತವರು ಹರಿಹರದಲ್ಲಿ ನಡೆದ ಮದುವೆಯ ಕಥೆ ಕೇಳಿ. ಮುಯ್ಯಿ ಬರೆಯಲು ಕುಳಿತಿದ್ದವನ ಪೆನ್ನು ಕೈಕೊಟ್ಟಿತು. ಬೀಗರು ಬಂದು ಮಾವನ ಜೇಬು ನೋಡಿದರು. ಪೆನ್ನು ಕೊಡಲುಂಟೇ? ತಾನೇ ಚಾಪೆಯ ಮೇಲೆ ಕುಳಿತ! ತಟ್ಟೆ, ತಂಬಿಗೆ, ಕುಪ್ಪಸದ ಖಣ ಎಲ್ಲವನ್ನೂ ಮುತ್ತು ಪೋಣಿಸಿದಂತೆ ಬರೆದು ಎದ್ದಾಗ ಕೊನೆಯ ಪಂಕ್ತಿಯೂ ಎದ್ದಿತ್ತು. ಮಿಕ್ಕಿದ್ದು ಬರಿಯ ಅನ್ನ, ತಿಳಿಸಾರು. ಬೂಂದಿ ಲಾಡು ಎಲ್ಲಿ ಎಂದರೆ ಅಡುಗೆಯವನು ಖಾಲಿ ಬುಟ್ಟಿ ಮಗುಚಿ ತೋರಿಸಿದ. ವಾಪಸು ರೈಲಿನಲ್ಲಿ ಅತ್ತೆ ಕೇಳಿದಳು: "ಹಸಿವಾತೇನ್ರಿ? ಪೆನ್ನು ನೆಕ್ಕಿಕೊಳ್ರಿ!"

ಇಂಥ ಮಾವನಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಬಾತಿ ಹಳ್ಳಿಯ ಹತ್ತಿರದ ಪಂಡಿತರ ಎಣ್ಣೆ, ಆಸ್ಪತ್ರೆಯ ಸೂಜಿ, ಯಾವುದಕ್ಕೂ ಬೆರಳು ಮಡಿಸಲಾಗಲಿಲ್ಲ. ಅಂಗಡಿಯ ಕೆಲಸವೂ ಹೋಯಿತು. ಜೇಬಿನ ಪೆನ್ನು ಮಾತ್ರ ಹೋಗಲಿಲ್ಲ. ಭಾನುವಾರದ ಸ್ನಾನವನ್ನು ಈಗ ಅತ್ತೆ ಮಾಡಿಸುತ್ತಿದ್ದಳು.

"ಎಡಗೈಲಿ ಬರೀ ಮಾವ, ರೂಢಿ ಆಗ್ತೈತೆ" ಎಂದೆ.

"ಎಡಗೈ ಪರಕೈ ಅಲ್ವೇನೆ?" ಎಂದು ಗದರಿದ. ಸ್ವಂತ ಕೈಯನ್ನೇ ಹೊರಗಿನವರ ಲೆಕ್ಕಕ್ಕೆ ಹಾಕಿದ ಮಹಾನುಭಾವ ಇನ್ನೊಬ್ಬನಿದ್ದಾನೆಯೇ?

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಮಜ್ಜಿಗೆ ಕಡೆದು ಎದ್ದ ಅತ್ತೆಯನ್ನು ಕರೆದು ಎದುರಿಗೆ ಕೂರಿಸಿಕೊಂಡ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಅವಳು. ಜೇಬಿನಿಂದ ಪೆನ್ನು ತೆಗೆದು ಅವಳತ್ತ ಚಾಚಿದ.

"ಹಿಡಿ."

"ಅಯ್ಯ, ನನಗ್ ಬ್ಯಾಡ್ರಿ! ನಿಬ್ಬು ಕೆಟ್ರೆ?"

"ಕೆಡ್ಲಿ."

ನಾನು ಕಿವಿ ಮುಟ್ಟಿ ನೋಡಿಕೊಂಡೆ. ಅತ್ತೆ ಅದನ್ನು ಕಡಗೋಲು ಹಿಡಿದಂತೆ ನೆಟ್ಟಗೆ ಹಿಡಿದಳು. ಮಾವ ಎಡಗೈ ಬೆರಳಿನಿಂದ ಕಾಗದದ ಮೇಲೆ ದಾರಿ ತೋರಿಸಿದ. ಅವಳು ಎಳೆದ 'ಅ' ಅಂಗಳದ ರಂಗೋಲಿಯಷ್ಟಿತ್ತು. ನಿಬ್ಬು ಕಿರ್ರೆಂದು ಕಿರುಚಿತು. ನನಗೇ ಹಲ್ಲು ಜುಮ್ಮೆಂದವು, ಮಾವ ಮಾತ್ರ ಕದಲಲಿಲ್ಲ.

"ಏನ್ ಮಾವ, ನಿನ್ನ ನಿಬ್ಬು?" ಎಂದೆ.

"ನನ್ನ ಕೈ ಹೋತು. ಅದಕ್ಕೊಂದು ಕೈ ಬೇಕಲ್ಲವ್ವ" ಎಂದ.

ಆಮೇಲೆ ದಿನವೂ ಮಧ್ಯಾಹ್ನ ಆ ಕಿರುಚಾಟ. ಮಾವ ಇದ್ದಷ್ಟು ವರ್ಷವೂ ನಡೆಯಿತು.

ಅವನು ಹೋದ ಮೇಲೆ ಒಮ್ಮೆ ಅತ್ತೆಯನ್ನು ನೋಡಲು ಹೋಗಿದ್ದೆ. ಮನೆಗೆ ಒಂದು ಕಾರ್ಡು ಹಾಕೋಣವೆಂದು ಗೂಡಿನಲ್ಲಿದ್ದ ಪೆನ್ನಿಗೆ ಕೈ ಚಾಚಿದೆ. ಅತ್ತೆ ಸರಕ್ಕನೆ ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು.

"ಏನ್ ಬರೀಬೇಕು ಹೇಳು, ನಾನೇ ಬರಿತೀನಿ."

ನಾನು ಹೇಳುತ್ತಾ ಹೋದೆ. ಅವಳು ಕಡಗೋಲು ಹಿಡಿದಂತೆ ಹಿಡಿದು, ತುಟಿ ಅಲುಗಿಸುತ್ತಾ, ನಿಧಾನವಾಗಿ ಬರೆಯುತ್ತಾ ಹೋದಳು. ನಿಬ್ಬು ಒಂದಿಷ್ಟೂ ಕಿರುಚಲಿಲ್ಲ.