ಹೆಂಡತಿ ಕರೆಸಿಕೊಂಡ ಗಂಡ

ನೆಟ್ಟಗೆ ಹೋಗಿ ನೆಟ್ಟಗೆ ಮುಗಿದ ಕೆಲಸ ನನ್ನ ಬದುಕಿನಲ್ಲಿ ಒಂದೂ ಇಲ್ಲ. ಎಲ್ಲಿ ಕಾಲಿಟ್ಟರೂ ಒಂದಿಲ್ಲೊಂದು ಫಜೀತಿ ನನಗಿಂತ ಮೊದಲೇ ಹೋಗಿ ಕೂತಿರುತ್ತದೆ. ಅದರಲ್ಲೂ ಹೆಂಡತಿಯನ್ನು ನೋಡಲು ಇಂಗ್ಲೆಂಡಿಗೆ ಹೊರಟ ವರ್ಷವನ್ನು ನೆನೆದರೆ ಈಗಲೂ ಒಬ್ಬನೇ ಕೂತು ನಗುತ್ತೇನೆ.

ನಾನು ಕಂಪ್ಲಿಯವನು. ಕಾಲುವೆ ನೀರು ಬಂದ ಮೇಲೆ ನಮ್ಮ ಹೊಲ ಗದ್ದೆಯಾಯಿತು, ಭತ್ತ, ಕಬ್ಬು ಅಂತ ಕೈ ತುಂಬ ಕೆಲಸ. ಹೆಂಡತಿ ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ನಾನೇ ಧೈರ್ಯ ಹೇಳಿ ಕಳಿಸಿದೆ. ಎರಡು ವರ್ಷ ಕಳೆಯುವ ಹೊತ್ತಿಗೆ ನನ್ನ ಧೈರ್ಯ ಮುಗಿಯಿತು, ಊರಿಗೆ ಬಂದು ಹೋಗು ಎಂದು ಬರೆದೆ. ರಜೆ ಸಿಗುತ್ತಿಲ್ಲ, ನೀವೇ ಬಂದು ಹೋಗಿರಿ, ವೀಸಾಕ್ಕೆ ಬೇಕಾದ ಪತ್ರ ಕಳಿಸುತ್ತೇನೆ ಎಂದು ಬರೆದಳು.

ಬರೆದು ಕೊಟ್ಟ ಮಾತು

ಪತ್ರ ಇಂಗ್ಲಿಷಿನಲ್ಲಿ ಬಂತು. ಹೈಸ್ಕೂಲ್ ಮಾಸ್ತರನ್ನು ಮನೆಗೆ ಕರೆದು ಓದಿಸಿದೆ. ನಮ್ಮವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ಮಾಸ್ತರು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದರು: ನನ್ನ ಗಂಡ ಇಲ್ಲಿ ಇರುವಷ್ಟು ದಿನ ಅವನ ಊಟ, ಬಟ್ಟೆ, ವಸತಿ, ಔಷಧಿ ಎಲ್ಲ ನನ್ನ ಜವಾಬ್ದಾರಿ, ಅವನಿಂದ ಸರ್ಕಾರಕ್ಕೆ ಯಾವ ಹೊರೆಯೂ ಆಗದು.

ನನಗೆ ಒಳಗೊಳಗೇ ಅಳುಕು. ಊರಲ್ಲಿ ಆಗಲೇ 'ಗಂಡ ಹೆಂಡ್ತೀನ್ನ ಕರೆಸ್ಕೊಳ್ಳೋದು ಕೇಳೀವಿ, ಇದೇನು ಹೊಸಾದು' ಎಂಬ ಮಾತು ಓಡಾಡುತ್ತಿತ್ತು. ಇನ್ನು ಅವ್ವ ಏನನ್ನುತ್ತಾಳೋ ಎಂದು ಮುಖ ನೋಡಿದೆ. ಅವಳು ಮೊರ ಕೆಳಗಿಟ್ಟಳು.

"ಪಾಪ, ಸೊಸಿ ಬರ್ದರ ಕೊಟ್ಟಾಳ. ನಾ ಇವನಿಗೆ ಹುಟ್ಟಿದಾಗಿಂದ ಏನೂ ಬರ್ದು ಕೊಡ್ದನ ಉಣ್ಣಿಸಾಕ ಹತ್ತೀನಿ."

ನಡತೆ ವಿಚಾರಣೆ

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಮೇಲೆ ನನ್ನ ನಡತೆ ವಿಚಾರಿಸಲು ಒಬ್ಬ ಪೊಲೀಸಪ್ಪ ಬಂದ. ಅಕ್ಕಪಕ್ಕದವರನ್ನು ಕೇಳಬೇಕು ಎಂದು ಸೀದಾ ನನ್ನ ಪಕ್ಕದ ಗದ್ದೆಯವನ ಹತ್ತಿರ ಹೋದ. ಕೆಲಸ ಕೆಟ್ಟಿತು ಅಂದುಕೊಂಡೆ. ಕಾಲುವೆ ನೀರಿನ ಪಾಳಿಗಾಗಿ ನಾವಿಬ್ಬರೂ ಬದುವಿನ ಮೇಲೆ ನಿಂತು ಬೈದಾಡದ ಬೆಳೆಯೇ ಇರಲಿಲ್ಲ. ಹಿಂದಿನ ವಾರ ಸಲಿಕೆ ಎತ್ತುವವರೆಗೂ ಹೋಗಿತ್ತು. ನಾನು ಬೇವಿನ ಮರದ ಹಿಂದೆ ನಿಂತು ಕಿವಿಗೊಟ್ಟೆ.

ಅವನು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ದೇವರಂಥ ಮನುಷ್ಯ, ಒಬ್ಬರ ತಂಟೆಗೆ ಹೋದವನಲ್ಲ, ಇಂಥವನನ್ನು ಕಳಿಸದೆ ಇನ್ಯಾರನ್ನು ಕಳಿಸುತ್ತೀರಿ ಎಂದೆಲ್ಲ ಹೇಳಿದ. ನನಗೆ ಕಣ್ಣಲ್ಲಿ ನೀರೇ ಬಂತು. ಬರೆದುಕೊಂಡು ಹೊರಟ ಪೊಲೀಸಪ್ಪನ ಬೆನ್ನಿಗೆ ಅವನು ಇನ್ನೊಂದು ಮಾತು ಸೇರಿಸಿದ.

"ಜಲ್ದಿ ಕಳಿಸ್ರಿ ಸಾಹೇಬ್ರ, ಮುಂದಿನ ಪಾಳಿ ಬರೋದ್ರೊಳಗ ಹೋದ್ರ ಭಾಳ ಚಲೋ ಆಕ್ಕತಿ."

ಇಂಗ್ಲಿಷ್ ಕಲಿಯಲು ಹಂಪಿಗೆ

ವೀಸಾ ಆಫೀಸಿನಲ್ಲಿ ಇಂಗ್ಲಿಷ್ ಕೇಳುತ್ತಾರೆ, ಹಂಪಿಗೆ ಹೋಗಿ ಫಾರಿನ್ನವರ ಜೊತೆ ಮಾತಾಡು, ತಾನೇ ಬರುತ್ತದೆ ಎಂದು ಗೆಳೆಯನೊಬ್ಬ ಬುದ್ಧಿ ಹೇಳಿದ. ಹೋದೆ. ಹೊಳೆ ದಂಡೆಯಲ್ಲಿ ಗಡ್ಡದ ಬಿಳಿಯನೊಬ್ಬ ಸಿಕ್ಕ. ಆದರೆ ಅವನು ಕನ್ನಡ ಕಲಿಯಲು ನನ್ನಂಥವನನ್ನೇ ಹುಡುಕುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನು ಬಂಡೆ ತೋರಿಸಿ ಇದಕ್ಕೇನಂತಾರೆ ಎಂದು ಸನ್ನೆ ಮಾಡಿದ. ಬಂಡೆಯಿಂದ ಮೀನಿಗೆ, ಮೀನಿನಿಂದ ಮಿರ್ಚಿಗೆ ಬಂದೆವು.

ಸಂಜೆ ಬಸ್ಸು ಹತ್ತುವಾಗ ನನಗೆ ಬಂದಿದ್ದು ಹಳೆಯ 'ಥ್ಯಾಂಕ್ಯೂ' ಒಂದೇ. ಅವನು ಮಾತ್ರ ಕಂಡಕ್ಟರಿಗೆ, "ಇವ್ರಿಗೆ ಒಂದ್ ಸೀಟ್ ಕೊಡ್ರಿ, ಪಾಪ, ಭಾಳ ದಣಿದಾರ" ಅಂದ.

ಮದ್ರಾಸಿನಲ್ಲಿ

ವೀಸಾ ಆಫೀಸು ಮದ್ರಾಸಿನಲ್ಲಿ. ನನಗಿಂತ ಮುಂದಿದ್ದವನು ಮುಖ ಇಳಿಸಿಕೊಂಡು ಹೊರಬಂದ. ಹೆಂಡತಿ ಅಲ್ಲೇ ಇದ್ದಾಳೆ, ನೀನು ವಾಪಸ್ ಬರುವುದಿಲ್ಲ ಅಂದರಂತೆ. ನನ್ನದೂ ಅದೇ ಕತೆಯಲ್ಲವೇ? ಹೆಂಡತಿಯ ಪತ್ರ ಗಟ್ಟಿಯಾಗಿ ಹಿಡಿದುಕೊಂಡು ಒಳಗೆ ಹೋದೆ.

ಬಿಳಿ ಆಫೀಸರು, ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ಹೆಣ್ಣುಮಗಳು. ಅಲ್ಲಿ ಹೋಗಿ ಏನು ಮಾಡುತ್ತೀರಿ ಎಂದು ಆಕೆ ಕೇಳಿದಳು.

"ಹೆಂಡ್ತೀನ್ನ ನೋಡ್ತೀನ್ರಿ."

"ಆಮೇಲೆ?"

"ಆಮ್ಯಾಲೂ ಅಕೀನ್ನ ನೋಡ್ತೀನ್ರಿ."

ಆಫೀಸರಿಗೆ ಅನುಮಾನ ಬಂತು. ಲಂಡನ್ನಿನ ಅರಮನೆ, ಹಳೆಯ ಕಟ್ಟಡ ಏನನ್ನೂ ನೋಡುವುದಿಲ್ಲವೇ ಎಂದು ಕೇಳಿಸಿದ.

"ಹಂಪಿ ಮಗ್ಗಲದಾಗ ಹುಟ್ಟಿದವನ್ರಿ ನಾನು," ಎಂದೆ. "ಅರಮನಿ, ಕಲ್ಲು ಕಂಬ ಹುಟ್ಟಿದಾಗಿಂದ ನೋಡೀನಿ. ಹೆಂಡ್ತಿ ಮುಖ ನೋಡಿ ಎರಡು ವರ್ಷ ಆತು."

ಆ ಹೆಣ್ಣುಮಗಳು ಅದನ್ನು ಭಾಷಾಂತರ ಮಾಡಿದಳು. ಆಫೀಸರು ಪೆನ್ನು ಕೆಳಗಿಟ್ಟ. ಆದರೂ ಬಿಡಲಿಲ್ಲ. ಅಲ್ಲೇ ಇರಬೇಕು ಅನ್ನಿಸಿದರೆ ಏನು ಮಾಡುತ್ತೀರಿ ಎಂದ.

ನಾನು ಇದ್ದದ್ದನ್ನೇ ಹೇಳಿದೆ. "ಅಕಿಗೆ ದಿನಾ ಡ್ಯೂಟಿ ಇರ್ತದಂತ್ರಿ, ಅಡಿಗಿ ನೀವ ಮಾಡ್ಬೇಕು ಅಂತ ಬರ್ದಾಳ. ನಾ ಮಾಡಿದ್ದು ನಾನ ಎಷ್ಟು ದಿನ ಉಣ್ಣಲ್ರಿ?"

ಆಫೀಸರು ಕುರ್ಚಿಗೆ ಒರಗಿ ನಕ್ಕ. ಸಂಜೆ ಬಂದು ವೀಸಾ ತೆಗೆದುಕೊಳ್ಳಿ ಎಂದ.

ಗುರುತು

ಲಂಡನ್ನಿನಲ್ಲಿ ವಿಮಾನ ಇಳಿದಾಗ ನನ್ನ ವೇಷ ಹೀಗಿತ್ತು: ಬಾಡಿಗೆ ಕೋಟು, ಅದರ ಮೇಲೆ ನಮ್ಮವ್ವನ ಕಂಬಳಿ, ತಲೆಗೆ ಕಣ್ಣು ಮೂಗು ಮಾತ್ರ ಕಾಣುವ ಉಲ್ಲನ್ ಟೋಪಿ. ಬಾಗಿಲಲ್ಲಿ ನಿಂತ ಅಧಿಕಾರಿ ಪಾಸ್‌ಪೋರ್ಟಿನ ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ. ಚೀಲ ಬಿಚ್ಚಿಸಿದ. ಒಳಗೆ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟು. ಒಂದು ರೊಟ್ಟಿ ತೆಗೆದು ಮೇಜಿಗೆ ಬಡಿದು ನೋಡಿದ. ಟಣ್ ಎಂದಿತು. ಇನ್ನಿಬ್ಬರು ಅಧಿಕಾರಿಗಳು ಬಂದು ಕೂಡಿದರು. ನಾನು ಬಾಯಿ ಸನ್ನೆ ಮಾಡಿ ತಿನ್ನುವ ವಸ್ತು ಎಂದು ತೋರಿಸಿದೆ, ಯಾರೂ ನಂಬಲಿಲ್ಲ.

ಕೊನೆಗೆ ಹೊರಗೆ ಕಾಯುತ್ತಿದ್ದ ನನ್ನ ಹೆಂಡತಿಯನ್ನೇ ಒಳಗೆ ಕರೆಸಿದರು. ಬಂದಳು. ಸ್ವಲ್ಪ ಬಿಳುಪಾಗಿದ್ದಳು, ಕಣ್ಣು ಅವೇ. ನಾನು ಕಂಬಳಿ ಸರಿಮಾಡಿಕೊಂಡೆ. ಈತ ನಿನ್ನ ಗಂಡನೇ ಎಂದು ಅಧಿಕಾರಿ ಕೇಳಿದ. ಅವಳು ಟೋಪಿಯೊಳಗಿನ ನನ್ನ ಮೂಗನ್ನು ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ರೊಟ್ಟಿ ಮುರಿದು ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ನಿಧಾನಕ್ಕೆ ಅಗಿದಳು. ಮೂವರು ಅಧಿಕಾರಿಗಳೂ ನಾನೂ ಉಸಿರು ಹಿಡಿದು ನಿಂತಿದ್ದೆವು.

ಇಂಗ್ಲಿಷಿನಲ್ಲಿ ಅವರಿಗೇನೋ ಹೇಳಿದಳು. ಮೂವರೂ ಗೊಳ್ಳೆಂದು ನಕ್ಕು ನನ್ನ ಕೈ ಕುಲುಕಿ ದಾರಿ ಬಿಟ್ಟರು. ಹೊರಗೆ ಬಂದ ಮೇಲೆ, ಏನು ಹೇಳಿದಿ ಎಂದು ಕೇಳಿದೆ.

"ಮನಿಷಾನ ಗುರ್ತು ಹತ್ತವಲ್ದು ಅಂತ ಹೇಳ್ದೆ," ಅಂದಳು. "ಆದ್ರ ರೊಟ್ಟಿ ನಮ್ಮತ್ತಿ ಮಾಡಿದ್ವ. ಅಂದ್ಮ್ಯಾಲ ಗಂಡ ನನ್ನವನ ಇರ್ಬೇಕು."