ನಲವತ್ತು ಕ್ಯಾಂಡಲ್ ಬಲ್ಬಿನ ಬಾಡಿಗೆದಾರ

ನನ್ನ ಮುಖದಲ್ಲೇ ಏನೋ ಇದೆ. ಬಸ್ಸಿನಲ್ಲಿ ಯಾರ ಚೀಲ ಕಾಣೆಯಾದರೂ ಎಲ್ಲರೂ ಮೊದಲು ನನ್ನನ್ನೇ ನೋಡುತ್ತಾರೆ. ಅಂಥವನು ಎಪ್ಪತ್ತರ ದಶಕದ ಕೊನೆಯಲ್ಲಿ, ಕೋಲಾರದ ಬಾಡಿಗೆ ಮನೆಯಲ್ಲಿ, ಗುಟ್ಟಾಗಿ ಹಾವು ಸಾಕಿದ್ದೆ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಪಾಯ ತೋಡುವಾಗ ಸಿಕ್ಕ ಮಣ್ಣುಮುಕ್ಕ ಹಾವು ಅದು, ವಿಷವಿಲ್ಲದ್ದು. ಧನುರ್ಮಾಸದ ಚಳಿಗೆ ಮಂಕಾಗಿ ಊಟ ಬಿಟ್ಟಿತು. ಬೆಚ್ಚಗಿಡದಿದ್ದರೆ ಹಾವು ಹೋಗುತ್ತದೆ, ಯಾರಿಗಾದರೂ ಗೊತ್ತಾದರೆ ಮನೆ ಹೋಗುತ್ತದೆ. ನನಗೆ ಎರಡೂ ಬೇಕಾಗಿತ್ತು.

ವೈರ್‌ಮನ್

ಗಾಜಿನ ಪೆಟ್ಟಿಗೆಗೆ ನಲವತ್ತು ಕ್ಯಾಂಡಲ್ ಬಲ್ಬು ಹಾಕಿಸಲು ವೈರ್‌ಮನ್ನನ್ನು ಕರೆದೆ. ಹಾವು ಮರಳಿನೊಳಗಿತ್ತು.

"ಒಳಗೆ ಏನ್ ಬಿಡ್ತೀರ ಸಾರ್?"

"ಕೋಳಿಮರಿ."

ಅವನು ಬಲ್ಬನ್ನು ಪೆಟ್ಟಿಗೆಯೊಳಗೆ ಇಳಿಬಿಟ್ಟ. ನಾನು ತಡೆದೆ. "ಒಳಗೆ ಬೇಡಪ್ಪ, ಮೈ ಸುಟ್ಟುಕೊಳ್ಳುತ್ತೆ. ಜಾಲರಿ ಮುಚ್ಚಳದ ಹೊರಗೆ, ಒಂದು ಮೂಲೆಗೆ ಮಾತ್ರ ಹಾಕು. ಸೆಕೆಯಾದರೆ ಈ ಕಡೆ ಬರಲಿ. ವೈರು ಒಳಗೆ ಸುಳಿಯಲೇಬಾರದು, ಸುತ್ತಿಕೊಂಡುಬಿಡುತ್ತೆ. ಮುಚ್ಚಳಕ್ಕೊಂದು ಚಿಲಕ ಇರಲಿ."

ಎಲ್ಲ ಹೇಳಿದಂತೆಯೇ ಮಾಡಿ, ಸ್ಕ್ರೂಡ್ರೈವರ್ ಜೇಬಿಗಿಟ್ಟು ನನ್ನನ್ನೇ ದಿಟ್ಟಿಸಿದ.

"ಸಾರ್, ಯಾವೂರ್ ಕೋಳಿಮರಿ ಸಾರ್ ವೈರ್ ಸುತ್ಕೊಳ್ಳೋದು?"

ಓನರಮ್ಮ

ಹಾವಿದ್ದ ಕೋಣೆಯ ದೀಪ ಆರುವುದೇ ಇಲ್ಲವೆಂದು ಓನರಮ್ಮನಿಗೆ ಅನುಮಾನ ಹತ್ತಿತು. ಒಂದು ಬೆಳಿಗ್ಗೆ ಬಂದು ನಿಂತರು.

"ಏನ್ ಪೂಜೆ ನಡೀತಿದೆ ಮೇಷ್ಟ್ರೇ? ನಿಧಿಗಿಧಿ ಅಂತ ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ. ಮನೆ ನಮ್ದು. ಎಡವಟ್ಟು ಏನಾದ್ರೂ ಕಂಡ್ರೆ ಅವತ್ತೇ ಖಾಲಿ ಮಾಡ್ಬೇಕು."

"ಕಾಲೇಜಿನ ಪ್ರಯೋಗಮ್ಮ, ಶಾಖದ್ದು" ಎಂದೆ.

ನನ್ನ ಗ್ರಹಚಾರ, ಅವತ್ತೇ ನನ್ನ ಹೆಂಡತಿ ಕರಿಬೇವಿನ ಸಸಿ ನೆಡಲು ಗುದ್ದಲಿ ತಂದಳು. ಓನರಮ್ಮ ಮಣೆ ಹಾಕಿಕೊಂಡು ಗುಂಡಿಯ ಪಕ್ಕದಲ್ಲೇ ಕೂತರು. ಸಸಿ ನೆಟ್ಟು, ನೀರು ಹಾಕಿ, ನಾವು ಒಳಗೆ ಬಂದ ಮೇಲೆ ಅದನ್ನು ಕಿತ್ತು ಗುಂಡಿಯನ್ನು ಇನ್ನೊಂದು ಸಲ ನೋಡಿದರು.

ಓನರಮ್ಮನ ಅಣ್ಣ

ಶಾಖ ಅಳೆಯಲು ಥರ್ಮಾಮೀಟರ್ ಬೇಕಿತ್ತು. ಓನರಮ್ಮನ ಅಣ್ಣ ಹುತ್ತೂರಿನಲ್ಲಿ ರೇಷ್ಮೆ ಬೆಳೆಯುವವರು, ಹುಳುಮನೆಯಲ್ಲಿ ತೂಗುಹಾಕುವ ಥರ್ಮಾಮೀಟರ್ ಒಂದನ್ನು ಕೊಟ್ಟರು. ಕೊಟ್ಟ ಮೇಲೆ ಅವರಿಗೂ ಅನುಮಾನ ಶುರುವಾಯಿತು. ಮೇಷ್ಟ್ರು ಹೊಸ ತಳಿಯ ಹುಳು ತಂದು ಕದ್ದು ಸಾಕುತ್ತಿದ್ದಾರೆ ಅಂತ!

ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ಬಂದರು. ಮನೆ ಹೋಯಿತು ಎಂದುಕೊಂಡೆ. ನನ್ನ ಹೆಂಡತಿ ಆಗಲೇ ಪಾತ್ರೆ ಜೋಡಿಸತೊಡಗಿದ್ದಳು.

ಆದರೆ ಹಿರಿಯರು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತಂಗಿಯನ್ನು ಬಾಗಿಲಲ್ಲೇ ತಡೆದರು. "ನೀನು ಅಲ್ಲೇ ಇರಮ್ಮ. ಹುಳ ಇರೋ ಕಡೆ ಎಲ್ರೂ ನುಗ್ಗಬಾರ್ದು, ರೋಗ ತಗಲ್ತದೆ."

ಅವರ ಕಣ್ಣಿಗೆ ಪೊರೆ ಬಂದಿತ್ತು. ಪೆಟ್ಟಿಗೆಯ ಮೇಲೆ ಬಗ್ಗಿದರು. ತಲೆ ಬಾಲ ಎರಡೂ ಮರಳಲ್ಲಿ ಹುದುಗಿಸಿ, ಮುಂಗೈ ದಪ್ಪದ ನುಣುಪು ಮೈಯನ್ನು ಬಲ್ಬಿನ ಕಡೆ ಒಡ್ಡಿ ಹಾವು ಹಾಯಾಗಿ ಮಲಗಿತ್ತು.

"ಅಬ್ಬೋ!" ಎಂದರು. ಆಮೇಲೆ ನನ್ನ ಕಿವಿಯಲ್ಲಿ, ಹೊಟ್ಟೆ ಉರಿದುಕೊಂಡು, "ರೇಷ್ಮೆ ಇಲಾಖೆಯೋರು ನಮ್ಗೆ ಕೊಡೋ ಮೊಟ್ಟೇನೇ ಬೇರೆ, ನಿಮ್ಮಂಥೋರಿಗೆ ಕೊಡೋ ಮೊಟ್ಟೇನೇ ಬೇರೆ. ನಂಗೆ ಮೊದಲಿಂದ್ಲೂ ಅನುಮಾನ ಇತ್ತು ಸಾರ್" ಎಂದರು.

ಹೊರಗೆ ಬರುತ್ತಿದ್ದಂತೆ ಓನರಮ್ಮ ಅಡ್ಡಹಾಕಿ ಕೇಳಿದರು, "ಏನಣ್ಣ ಇರೋದು ಒಳಗೆ? ಖಾಲಿ ಮಾಡಿಸ್ಲಾ?"

"ಹುಚ್ಚಾ ನಿಂಗೆ? ಬಾಯ್ಮುಚ್ಕೊಂಡಿರು" ಎಂದು ಅಣ್ಣ ಗದರಿದರು. "ಅದೊಂದು ಗೂಡು ಕಟ್ಟಿದ್ರೆ ಸಾಕು, ನಿನ್ ಮಗಳ ಮದುವೆ ಸೀರೆ ಆಗೋಗ್ತದೆ!"